ನಗರಸಭೆ ಕೆಲಸಕ್ಕೆ ಮೊದಲು ಕೈಗೊಂದು ನಂಬರ್ ಬರಬೇಕು

ನಿವೃತ್ತಿಯಾದ ಮೇಲೆ ನನಗೆ ಅಂಟಿಕೊಂಡ ಕೆಲಸ ಇದು: ನಮ್ಮ ಬಡಾವಣೆಯವರಿಗೆ ನಗರಸಭೆಯ ಅರ್ಜಿ ಬರೆದುಕೊಡುವುದು. ಮೊದಲು ನಮ್ಮ ಮನೆಯ ಖಾತೆಗೆ ಓಡಾಡಿದ್ದೆ. ಅದು ಆಯಿತು ಅಂತ ಗೊತ್ತಾದ ಮೇಲೆ ಪಕ್ಕದ ಮನೆಯವರು ತಮ್ಮ ಕಾಗದ ತಂದರು, ಅವರ ಹಿಂದೆ ಇನ್ನೊಬ್ಬರು ಬಂದರು.

ಬಂದವರು ಮೊದಲು ಕೇಳುವುದು, "ಅಲ್ಲಿ ಯಾರಾದ್ರೂ ಗೊತ್ತಾ ಸಾರ್?" ಗೊತ್ತು. ಆದರೆ ಗೊತ್ತಿರುವವರಿಗೆ ವರ್ಗಾವಣೆ ಆಗುತ್ತದೆ, ಅವರು ರಜೆ ಹಾಕುತ್ತಾರೆ, ಫೋನ್ ಎತ್ತುವುದಿಲ್ಲ. ಅರ್ಜಿಗೆ ಒಮ್ಮೆ ನಂಬರ್ ಬಿದ್ದರೆ ಅದು ಅಲ್ಲೇ ಇರುತ್ತದೆ. ಅದಕ್ಕೇ ನಾನು ಪರಿಚಯಕ್ಕಿಂತ ನಂಬರನ್ನು ಜಾಸ್ತಿ ನಂಬುತ್ತೇನೆ.

ಅರ್ಜಿ ಬರೆಯುವ ಮೊದಲು ಕೆಲಸ ಯಾರದ್ದು ಅಂತ ನೋಡಬೇಕು. ಇಲ್ಲೇ ಅರ್ಧ ಜನರ ಓಡಾಟ ಹಾಳಾಗುವುದು. ಬೀದಿ ದೀಪ ಉರಿಯದಿದ್ದರೆ ನಗರಸಭೆಗೆ ಹೇಳಬೇಕು. ಮನೆಗೇ ಕರೆಂಟ್ ಇಲ್ಲದಿದ್ದರೆ ವಿದ್ಯುತ್ ಕಂಪನಿಯ 1912ಕ್ಕೆ ಫೋನ್ ಮಾಡಬೇಕು. ಸಂಧ್ಯಾ ಸುರಕ್ಷಾ ಪಿಂಚಣಿ ಕೇಳಿಕೊಂಡು ನಗರಸಭೆಗೆ ಹೋದ ಹಿರಿಯರನ್ನು ನೋಡಿದ್ದೇನೆ. ಅದು ಕಂದಾಯ ಇಲಾಖೆಯದ್ದು, ನಾಡಕಚೇರಿಗೆ ಹೋಗಬೇಕು. 65 ತುಂಬಿರಬೇಕು. ಕೌಂಟರಿನಲ್ಲಿ "ಇಲ್ಲಿ ಅಲ್ಲ" ಅನ್ನುತ್ತಾರೆಯೇ ಹೊರತು ಎಲ್ಲಿ ಅಂತ ಹೇಳುವವರು ಕಡಿಮೆ.

ನೀರಿನ ವಿಷಯಕ್ಕೆ ಬಂದರೆ ನಾನು ಅರ್ಜಿಗಿಂತ ಮೊದಲು ನಮ್ಮ ಏರಿಯಾಗೆ ನೀರು ಬಿಡುವವರನ್ನು ಕೇಳುತ್ತೇನೆ. ಯಾವ ವಾಲ್ವ್ ಕೆಟ್ಟಿದೆ, ಯಾವ ಪೈಪ್ ಎಲ್ಲಿ ಹಾದುಹೋಗಿದೆ ಅನ್ನುವುದು ಕಚೇರಿಯ ನಕ್ಷೆಗಿಂತ ಅವರಿಗೇ ಚೆನ್ನಾಗಿ ಗೊತ್ತು. ಅವರು ಹೇಳಿದ್ದನ್ನು ಅರ್ಜಿಯಲ್ಲಿ ಬರೆದರೆ ಇಂಜಿನಿಯರ್ ಕೂಡ ಸುಮ್ನೆ ತಳ್ಳಿಹಾಕುವುದಿಲ್ಲ.

ಅರ್ಜಿ ಉದ್ದ ಇರಬಾರದು. "ನಮ್ಮ ಬಡಾವಣೆಯಲ್ಲಿ ದೀಪಗಳು ಸರಿಯಿಲ್ಲ" ಅಂತ ಬರೆದರೆ ಆ ಕಾಗದ ಫೈಲಿನಲ್ಲೇ ಮಲಗುತ್ತದೆ. ಯಾವ ಅಡ್ಡರಸ್ತೆ, ಯಾವ ಮನೆಯ ಮುಂದೆ, ಕಂಬದ ಮೇಲೆ ಏನು ನಂಬರ್, ಯಾವತ್ತಿನಿಂದ ಉರಿಯುತ್ತಿಲ್ಲ, ಇಷ್ಟು ಇರಲಿ. ನಗರಸಭೆಯಾದರೆ ಪೌರಾಯುಕ್ತರಿಗೆ, ಪುರಸಭೆಯಾದರೆ ಮುಖ್ಯಾಧಿಕಾರಿಗೆ, ಮಹಾನಗರ ಪಾಲಿಕೆಯಾದರೆ ಆಯುಕ್ತರಿಗೆ ಬರೆಯಬೇಕು. ಎರಡು ಪ್ರತಿ ಮಾಡಿಸಿ. ಒಂದನ್ನು ಕಚೇರಿಯಲ್ಲಿ ಕಾಗದ ತೆಗೆದುಕೊಳ್ಳುವ ಟಪಾಲು ಕೌಂಟರಿನಲ್ಲಿ ಕೊಟ್ಟು, ಇನ್ನೊಂದರ ಮೇಲೆ ಮೊಹರು, ತಾರೀಖು, ಇನ್‌ವರ್ಡ್ ನಂಬರ್ (ಬಂದ ಕಾಗದಕ್ಕೆ ಅವರು ಹಾಕುವ ನಂಬರ್) ಹಾಕಿಸಿಕೊಳ್ಳಿ. "ಇಟ್ಟು ಹೋಗಿ, ನೋಡ್ತೀವಿ" ಅಂದರೆ ನಾನು ನಗುತ್ತಲೇ ಅಲ್ಲೇ ನಿಲ್ಲುತ್ತೇನೆ. ಜಗಳ ಮಾಡುವುದಿಲ್ಲ. ಮೊಹರು ಹಾಕಲು ಅರ್ಧ ನಿಮಿಷ ಸಾಕು, ನನ್ನನ್ನು ಸಾಗಹಾಕಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು ಅನ್ನುವುದು ಅವರಿಗೂ ಗೊತ್ತಾಗಿದೆ.

ಖಾತೆ, ಕಟ್ಟಡ ಪರವಾನಗಿ, ಜನನ ಮರಣ ಪತ್ರದ ಪ್ರತಿ ಇಂಥವುಗಳಿಗೆ ಇದಕ್ಕಿಂತ ಗಟ್ಟಿಯಾದ ದಾರಿ ಇದೆ, ಸಕಾಲ. 2011ರ ಕಾಯ್ದೆ, 2012ರಿಂದ ಜಾರಿಯಲ್ಲಿದೆ. ಪಟ್ಟಿಯಲ್ಲಿರುವ ಪ್ರತಿ ಸೇವೆಗೂ ಇಷ್ಟು ದಿನ ಅಂತ ನಿಗದಿ ಮಾಡಿದ್ದಾರೆ. ಅರ್ಜಿ ಕೊಟ್ಟಾಗ 15 ಅಂಕಿಯ ಜಿಎಸ್‌ಸಿ ನಂಬರ್, ಅಂದರೆ ಸಕಾಲದಲ್ಲಿ ಆ ಅರ್ಜಿಯ ಗುರುತಿನ ನಂಬರ್, ಇರುವ ಸ್ವೀಕೃತಿ ಕೊಡಬೇಕು. ಜನ ಅದನ್ನು ಮಡಚಿ ಜೇಬಿಗೆ ಹಾಕಿ ಮರೆತುಬಿಡುತ್ತಾರೆ. ಬಟ್ಟೆ ಒಗೆದ ಮೇಲೆ ನನ್ನ ಹತ್ತಿರ ಬಂದವರೂ ಇದ್ದಾರೆ! ಅಲ್ಲೇ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ ಅಂತ ಈಗ ಎಲ್ಲರಿಗೂ ಹೇಳುತ್ತೇನೆ.

ದಿನ ಮೀರಿದರೆ ಅಥವಾ ಅರ್ಜಿ ತಿರಸ್ಕಾರ ಆದರೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ತಡವಾದ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳುವ ಹಕ್ಕೂ ಇದೆ. ಆ ದುಡ್ಡಿಗೆ ಆಸೆ ಪಡುವವರು ಯಾರೂ ಇಲ್ಲ. ಆದರೆ ಅದು ತಡ ಮಾಡಿದ ಅಧಿಕಾರಿಯ ಸಂಬಳದಿಂದ ಹೋಗುವಂಥದ್ದು, ಅದೇ ಇದರ ಬಲ. ನಾನು ಮೇಲ್ಮನವಿ ಹಾಕಿದ್ದು ಅಪರೂಪ. ಕೊನೇ ದಿನ ಕಳೆದ ಮರುದಿನ ಸ್ವೀಕೃತಿ ಹಿಡಿದುಕೊಂಡು ಹೋಗಿ, "ಮೇಲ್ಮನವಿ ಯಾರ ಹೆಸರಿಗೆ ಬರೀಬೇಕು ಸಾರ್?" ಅಂತ ವಿನಯವಾಗಿ ಕೇಳುತ್ತೇನೆ. ಎಷ್ಟೋ ಸಲ ಅಷ್ಟರಲ್ಲೇ ಫೈಲ್ ಕದಲಿದೆ. ನಂಬರ್ ಕೊಡದೆ "ಮೊದಲು ದಾಖಲೆ ಎಲ್ಲಾ ತನ್ನಿ" ಅಂತ ಅರ್ಜಿಯನ್ನೇ ವಾಪಸ್ ಮಾಡುವುದು ಇದಕ್ಕೆ ಅವರು ಕಂಡುಕೊಂಡ ಉಪಾಯ. ಹಾಗೆ ಮಾಡಿದರೆ ಏನೇನು ಬೇಕು ಅಂತ ಒಂದು ಚೀಟಿಯಲ್ಲಿ ಬರೆಸಿಕೊಂಡು ಬರುತ್ತೇನೆ. ಎರಡನೇ ಸಲ ಪಟ್ಟಿ ಬೆಳೆಯಬಾರದಲ್ವಾ.

ಜಾಸ್ತಿ ತಲೆನೋವು ಕೊಡುವುದು ಮಾತ್ರ ಜನನ ಮರಣ ಪತ್ರದಲ್ಲಿನ ಹೆಸರು. ಹಿಂದಿನ ಬೀದಿಯ ಅಜ್ಜಿಯೊಬ್ಬರ ಗಂಡ ತೀರಿಹೋದರು. ಮರಣ ಪತ್ರ ಬೇಗನೇ ಬಂತು. ಆದರೆ ಆಧಾರ್‌ನಲ್ಲಿ ಇನಿಷಿಯಲ್ ಇತ್ತು, ಪತ್ರದಲ್ಲಿ ಇರಲಿಲ್ಲ. ಬ್ಯಾಂಕಿನವರು ಇಬ್ಬರೂ ಒಬ್ಬರೇ ಅಂತ ಒಪ್ಪಲಿಲ್ಲ. "ನಲವತ್ತು ವರ್ಷ ಸಂಸಾರ ಮಾಡಿದೀನಿ, ನನಗೆ ಗೊತ್ತಿಲ್ವಾ ಅವರು ಯಾರು ಅಂತ?" ಅಂತ ಅಜ್ಜಿ ನನ್ನ ಮೇಲೇ ರೇಗಿದರು. ಕೊನೆಗೆ ಆಸ್ಪತ್ರೆಯ ದಾಖಲೆ, ಆಧಾರ್, ಪಾಸ್‌ಬುಕ್ ಪ್ರತಿ ಸೇರಿಸಿ ತಿದ್ದುಪಡಿಗೆ ಅರ್ಜಿ ಹಾಕಿಸಿದೆ. ಆಯಿತು, ಆದರೆ ಅಷ್ಟು ದಿನ ಬ್ಯಾಂಕಿನಲ್ಲಿದ್ದ ಗಂಡನ ಹಣ ಅವರ ಕೈಗೆ ಬರಲಿಲ್ಲ.

ಅವತ್ತಿನಿಂದ ಯಾರ ಮನೆಯಲ್ಲಿ ಸಾವಾದರೂ ಸ್ವಲ್ಪ ಕಟುವಾಗಿ ಕಂಡರೂ ಸರಿ, ಮನೆಯ ಹುಡುಗರಲ್ಲಿ ಒಬ್ಬನನ್ನು ಪಕ್ಕಕ್ಕೆ ಕರೆದು ಹೇಳುತ್ತೇನೆ: ಆಸ್ಪತ್ರೆಯಲ್ಲಿ ಫಾರಂ ತುಂಬುವಾಗಲೇ ಆಧಾರ್ ಮುಂದಿಟ್ಟುಕೊಂಡು ಅಕ್ಷರ ಅಕ್ಷರ ನೋಡಪ್ಪಾ. ಜನನವಾಗಲಿ ಮರಣವಾಗಲಿ 21 ದಿನದೊಳಗೆ ತಿಳಿಸಬೇಕು. ಆಸ್ಪತ್ರೆಯಲ್ಲಿ ಆದರೆ ಅವರೇ ಕಳಿಸುತ್ತಾರೆ, ಮನೆಯಲ್ಲಿ ಆದರೆ ಮನೆಯವರ ಜವಾಬ್ದಾರಿ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶದ ತನಕ ಹೋಗುತ್ತದೆ. ಮಗುವಿಗೆ ಹೆಸರು ಇಟ್ಟಿಲ್ಲ ಅಂತ ನೋಂದಣಿ ನಿಲ್ಲಿಸುವುದು ಬೇಡ. ಹೆಸರನ್ನು ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. 2023ರ ಅಕ್ಟೋಬರ್ 1ರಂದು ಅಥವಾ ಅದರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆಯಿಂದ ಪಾಸ್‌ಪೋರ್ಟ್ ತನಕ ಹುಟ್ಟಿದ ದಿನಕ್ಕೆ ಈ ಪತ್ರವೇ ಆಧಾರ. ಅದರಲ್ಲಿ ಕಾಗುಣಿತ ತಪ್ಪಿದರೆ ಮುಂದೆ ಎಲ್ಲ ಕಡೆ ತಪ್ಪುತ್ತದೆ.

ಆಸ್ತಿ ತೆರಿಗೆಯ ಬಗ್ಗೆ ಹೇಳುವುದು ಕಡಿಮೆ. ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದರೆ ಸಾಮಾನ್ಯವಾಗಿ ಶೇ 5 ರಿಯಾಯಿತಿ ಸಿಗುತ್ತದೆ, ರಸೀದಿ ಜೋಪಾನ ಮಾಡಿ, ಅಷ್ಟೇ.

ಯಾವುದಕ್ಕೂ ಉತ್ತರ ಬರದಿದ್ದರೆ ಮಾತ್ರ ಮಾಹಿತಿ ಹಕ್ಕಿನ ಅರ್ಜಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. "ಯಾಕೆ ಮಾಡಿಲ್ಲ?" ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. "ಇಂಥ ತಾರೀಖಿನ, ಇಂಥ ಇನ್‌ವರ್ಡ್ ನಂಬರಿನ ಅರ್ಜಿ ಈಗ ಯಾರ ಮೇಜಿನಲ್ಲಿದೆ, ಅದರ ಟಿಪ್ಪಣಿ ಹಾಳೆಯ ಪ್ರತಿ ಕೊಡಿ" ಅಂತ ಕೇಳುತ್ತೇನೆ. ಮೊಹರು ಹಾಕಿಸಿಕೊಂಡ ಪ್ರತಿ ಇಲ್ಲದವರು ಇದನ್ನು ಕೇಳುವುದಾದರೂ ಹೇಗೆ?

ಅಣ್ಣ ತಮ್ಮಂದಿರ ಆಸ್ತಿ ಜಗಳಕ್ಕೆ ಮಾತ್ರ ನಾನು ಕೈ ಹಾಕುವುದಿಲ್ಲ. ಖಾತೆ ಯಾರ ಹೆಸರಿಗೆ ಬಂದರೂ ಅದರಿಂದಲೇ ಮಾಲೀಕತ್ವ ಬರುವುದಿಲ್ಲ, ಅದು ತೆರಿಗೆಯ ಲೆಕ್ಕ ಅಂತ ಹೇಳಿ ವಕೀಲರ ಹತ್ತಿರ ಕಳಿಸುತ್ತೇನೆ. ಹಾಗೆ ಹೋದವರಲ್ಲಿ ಕೆಲವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ.