ಫ್ರೀಜರ್‌ನ ಡಂಪ್ಲಿಂಗ್ ತಳ ಹಿಡಿಯದಂತೆ ಹುರಿಯುವುದು ಹೇಗೆ?

ಡಂಪ್ಲಿಂಗ್ ಎಂದರೆ ಹಿಟ್ಟಿನ ತೆಳು ಹೊದಿಕೆಯೊಳಗೆ ಹೂರಣ ತುಂಬಿದ ತಿನಿಸು. ಅದನ್ನು ಹುರಿಯುವವರ ಪಕ್ಕದಲ್ಲಿ ನಿಂತು ನಾನು ಮತ್ತೆ ಮತ್ತೆ ನೋಡಿದ ಅವಾಂತರ ಒಂದೇ. ತಳಕ್ಕೆ ಕಚ್ಚಿಕೊಂಡದ್ದನ್ನು ಗಾಬರಿಯಿಂದ ಸಟ್ಟುಗ ಹಾಕಿ ಎಬ್ಬಿಸಲು ಹೋಗುತ್ತಾರೆ; ಹೊದಿಕೆಯ ಅಡಿಭಾಗ ಬಾಣಲೆಯಲ್ಲೇ ಉಳಿದು, ಹೂರಣವೆಲ್ಲ ಹೊರಗೆ ಚೆಲ್ಲುತ್ತದೆ. ಮುಂದಿನ ಸಲ ಎಣ್ಣೆಯನ್ನು ಇಮ್ಮಡಿ ಸುರಿದರೂ ಅದೇ ಕಥೆ.

ಅಂಟುವುದು ಹೊದಿಕೆಯಲ್ಲಿರುವ ಹಿಟ್ಟಿನ ಗುಣ. ಹಿಟ್ಟಿನ ಪಿಷ್ಟವು ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ನೀರು ಹೀರಿ ಉಬ್ಬಿ ಗಂಜಿಯಂತಾಗುತ್ತದೆ ಮತ್ತು ಒದ್ದೆಯಾಗಿರುವಷ್ಟು ಹೊತ್ತೂ ಅದು ಅಂಟೇ ಆಗಿರುತ್ತದೆ. ನೀರು ಪೂರ್ತಿ ಆರಿ, ಅಡಿಭಾಗ ಎಣ್ಣೆಯಲ್ಲಿ ಗರಿಗರಿಯಾದಾಗ ಡಂಪ್ಲಿಂಗ್ ತಾನಾಗಿಯೇ ತಳ ಬಿಡುತ್ತದೆ. ಚೀನಿಯರು ಹೀಗೆ ಹುರಿದ ಡಂಪ್ಲಿಂಗನ್ನು ಕರೆಯುವ ‘ಗುವೊಟಿಯೆ’ ಎಂಬ ಹೆಸರಿಗೆ ‘ಪಾತ್ರೆಗೆ ಅಂಟಿದ್ದು’ ಎಂದೇ ಅರ್ಥ.

ಹುರಿಯುವ ಮೊದಲು ಡಂಪ್ಲಿಂಗನ್ನು ಕರಗಲು ಬಿಡಲೇಬಾರದು. ಹೊರಗಿಟ್ಟರೆ ಒಳಗಿನ ಮಂಜು ನೀರಾಗಿ ಹೊದಿಕೆ ತೊಯ್ದು, ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ಬಾಣಲೆ ಕಾದ ಮೇಲೆಯೇ ಪೊಟ್ಟಣವನ್ನು ಫ್ರೀಜರ್‌ನಿಂದ ತೆಗೆಯಿರಿ. ಮೇಲೆ ಹಿಮದ ಪುಡಿ ಕೂತಿದ್ದರೆ ಒಣ ಬಟ್ಟೆಯಿಂದ ಕೊಡವಿರಿ. ಪೊಟ್ಟಣದೊಳಗೇ ಕರಗಿ ಮತ್ತೆ ಗಡ್ಡೆಕಟ್ಟಿದ ಡಂಪ್ಲಿಂಗನ್ನು ಕೊಳ್ಳಬೇಡಿ, ಅದು ಯಾವ ಉಪಾಯಕ್ಕೂ ಬಗ್ಗುವುದಿಲ್ಲ.

ಮೊದಲ ಸಲ ಮಾಡುವವರಿಗೆ ನಾನ್‌ಸ್ಟಿಕ್ ಬಾಣಲೆಯೇ ಸರಿ. ಅದನ್ನು ಖಾಲಿಯಾಗಿ ದೊಡ್ಡ ಉರಿಯಲ್ಲಿ ಕಾಯಿಸಬಾರದು, ಏಕೆಂದರೆ 260 ಡಿಗ್ರಿ ಮೀರಿದರೆ ಲೇಪನ ಹಾಳಾಗುತ್ತದೆ. ಚೆನ್ನಾಗಿ ಪಳಗಿದ ಕಬ್ಬಿಣದ ಬಾಣಲೆ ನನಗೆ ಇದಕ್ಕಿಂತಲೂ ಇಷ್ಟ, ಅದರಲ್ಲಿ ಬರುವ ಹೊಂಬಣ್ಣ ಬೇರೆಯದರಲ್ಲಿ ಬರುವುದಿಲ್ಲ. ಸ್ಟೀಲ್ ಬಾಣಲೆಯನ್ನು ಕೈ ಪಳಗುವವರೆಗೆ ಮುಟ್ಟದಿರುವುದು ಒಳ್ಳೆಯದು. ಡಬ್ಬಿಯಿಂದ ಸಿಂಪಡಿಸುವ ಎಣ್ಣೆಯನ್ನಂತೂ ದೂರವಿಡಿ: ಹಲವು ಸ್ಪ್ರೇಗಳಲ್ಲಿರುವ ಲೆಸಿಥಿನ್ ಎಂಬ ಪದಾರ್ಥ ನಾನ್‌ಸ್ಟಿಕ್ ಮೇಲೆ ಸುಟ್ಟು ಜಿಗುಟು ಪದರವಾಗಿ ಕೂರುತ್ತದೆ, ಅಂಟದಿರಲೆಂದು ಬಳಸಿದ್ದೇ ಅಂಟಿಗೆ ಕಾರಣವಾಗುತ್ತದೆ.

ಮಧ್ಯಮ ಉರಿಯಲ್ಲಿ ಎರಡು ದೊಡ್ಡ ಚಮಚ ಎಣ್ಣೆ ಕಾಯಿಸಿ, ಹತ್ತು ಹನ್ನೆರಡು ಡಂಪ್ಲಿಂಗ್‌ಗಳನ್ನು ಚಪ್ಪಟೆ ಭಾಗ ಕೆಳಗಾಗಿ, ಒಂದಕ್ಕೊಂದು ತಾಗದಂತೆ ಜೋಡಿಸಿ. ಎರಡು ಮೂರು ನಿಮಿಷದಲ್ಲಿ ಅಡಿ ತಿಳಿಗೆಂಪಾಗುತ್ತದೆ.

ಹೆಚ್ಚಿನವರು ಎಡವುವುದು ನೀರು ಹಾಕುವಾಗ. ಕಾದ ಎಣ್ಣೆಗೆ ನೀರು ಬಿದ್ದರೆ ಸಿಡಿಯುತ್ತದೆ, ಆದ್ದರಿಂದ ಉರಿ ತಗ್ಗಿಸಿ, ಒಂದು ಕೈಯಲ್ಲಿ ಮುಚ್ಚಳವನ್ನು ಗುರಾಣಿಯಂತೆ ಹಿಡಿದು, ಬಾಣಲೆಯ ಅಂಚಿನಿಂದ ನೀರು ಬಿಟ್ಟು ತಕ್ಷಣ ಮುಚ್ಚಬೇಕು. ನೀರು ಬಿಸಿಯಾಗಿರಲಿ, ತಣ್ಣೀರು ಬಾಣಲೆಯ ಕಾವನ್ನು ಇಳಿಸಿ, ಹೊದಿಕೆ ಬೇಯುವ ಮೊದಲೇ ನೆನೆಯುವಂತೆ ಮಾಡುತ್ತದೆ. ಡಂಪ್ಲಿಂಗ್‌ನ ಕಾಲು ಭಾಗದಷ್ಟು ಎತ್ತರಕ್ಕೆ ನೀರು ಬಂದರೆ ಸಾಕು. ಮತ್ತೆ ಮಧ್ಯಮ ಉರಿಯಲ್ಲಿ ಆರರಿಂದ ಎಂಟು ನಿಮಿಷ ಹಬೆಯಲ್ಲಿ ಬೇಯಲಿ. ಮಾಂಸದ ಹೂರಣವಾದರೆ ನಡುಭಾಗ 74 ಡಿಗ್ರಿ ಮುಟ್ಟಿರಬೇಕು; ಥರ್ಮಾಮೀಟರ್ ಇಟ್ಟು ನೋಡುವುದೇ ನಂಬಿಕೆಯ ದಾರಿ.

ಮುಚ್ಚಳ ತೆಗೆದಾಗ ಹೊದಿಕೆ ಅರೆಪಾರದರ್ಶಕವಾಗಿ, ಮುಟ್ಟಿದರೆ ಹರಿಯುವಷ್ಟು ಮೆತ್ತಗಿರುತ್ತದೆ. ಈಗ ಡಂಪ್ಲಿಂಗ್ ತಳಕ್ಕೆ ಅಂಟಿಯೇ ಇರುತ್ತದೆ, ಅಂಟಿರುವುದೇ ಸರಿ. ಎಬ್ಬಿಸಬೇಡಿ, ಅಲುಗಿಸಬೇಡಿ, ಸಟ್ಟುಗವನ್ನು ಕೈಗೇ ತೆಗೆದುಕೊಳ್ಳಬೇಡಿ. ಮುಚ್ಚಳವಿಲ್ಲದೆ ನೀರು ಇಂಗಲಿ, ಕಿವಿ ಬಾಣಲೆಯ ಕಡೆಗಿರಲಿ. ನೀರಿರುವಾಗ ಕೊತಕೊತ ಕುದಿಯುವ ಸದ್ದು. ನೀರು ಮುಗಿದು ಎಣ್ಣೆಯಷ್ಟೇ ಉಳಿದಾಗ ಅದು ಸಣ್ಣ ಚಟಪಟ ಸದ್ದಾಗಿ ಬದಲಾಗುತ್ತದೆ. ನೀರು ಇರುವವರೆಗೆ ತಳದ ಕಾವು 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುವುದರಿಂದ ಹೊಂಬಣ್ಣ ಬರುವುದು ಆ ಸದ್ದು ಬದಲಾದ ನಂತರವೇ. ಆಮೇಲೆ ಒಂದು ಚಮಚ ಎಣ್ಣೆಯನ್ನು ಸುತ್ತಲೂ ಬಿಟ್ಟು ಇನ್ನೆರಡು ನಿಮಿಷ ಹುರಿದು, ಬಾಣಲೆಯನ್ನು ಮೆಲ್ಲಗೆ ಅಲುಗಿಸಿ ನೋಡಿ. ಡಂಪ್ಲಿಂಗ್‌ಗಳು ಜಾರಿದರೆ ಆಯಿತು. ಜಾರದಿದ್ದರೆ ಇನ್ನರ್ಧ ನಿಮಿಷ ಬಿಡಿ. ಆಗಲೂ ಹಟ ಹಿಡಿದರೆ ಒಲೆ ಆರಿಸಿ ಎರಡು ನಿಮಿಷ ಸುಮ್ಮನಿದ್ದು, ತೆಳು ಅಂಚಿನ ಸಟ್ಟುಗವನ್ನು ತಳಕ್ಕೆ ಒತ್ತಿ ಒಂದೇ ಸಲಕ್ಕೆ ತೂರಿಸಿ.

ತಟ್ಟೆಗೆ ಹಾಕುವಾಗ ಗರಿಗರಿ ಭಾಗ ಮೇಲಿರಲಿ, ಮುಚ್ಚಿಡಬೇಡಿ. ಎರಡನೆಯ ಸರದಿ ಹುರಿಯುವುದಿದ್ದರೆ ಬಾಣಲೆಯ ತಳದಲ್ಲಿ ಉಳಿದ ಗಂಜಿಯ ಚೂರುಗಳನ್ನು ಒರೆಸಿ ತೆಗೆದು, ಹೊಸ ಎಣ್ಣೆ ಹಾಕಿಯೇ ಶುರು ಮಾಡಿ.