ಟಕ್‌ ಟಕ್‌ ಎನ್ನುವ ಹಾರ್ಡ್‌ ಡಿಸ್ಕ್‌: ಮೊದಲು ಏನು ಮಾಡಬೇಕು?

ನಿನ್ನೆಯವರೆಗೆ ಇಲ್ಲದ ಸದ್ದೊಂದು ಹಾರ್ಡ್‌ ಡಿಸ್ಕ್‌ನಿಂದ ಕೇಳಿಸಿದರೆ ಹಲವರು ಕಂಪ್ಯೂಟರನ್ನು ನಾಲ್ಕಾರು ಸಲ ಆಫ್‌ ಮಾಡಿ ಆನ್‌ ಮಾಡಿ ನೋಡುತ್ತಾರೆ. ಇನ್ನು ಕೆಲವರು ತಪಾಸಣೆಯ ತಂತ್ರಾಂಶ ಹಾಕಿ ರಾತ್ರಿಯಿಡೀ ಓಡಲು ಬಿಡುತ್ತಾರೆ. ಎರಡೂ ಬೇಡ. ಕೆಡತೊಡಗಿದ ಡಿಸ್ಕ್‌ ಇನ್ನೆಷ್ಟು ಹೊತ್ತು ತಿರುಗೀತು ಎಂದು ಯಾರೂ ಹೇಳಲಾರರು. ಉಳಿದಿರುವ ಆ ಹೊತ್ತೆಲ್ಲ ಕಡತಗಳನ್ನು ಹೊರತೆಗೆಯಲು ಬಳಕೆಯಾಗಬೇಕು. ಹೊಸ ಡಿಸ್ಕ್‌ ಕೆಲವು ಸಾವಿರ ರೂಪಾಯಿಗೆ ಅಂಗಡಿಯಲ್ಲಿ ಸಿಗುತ್ತದೆ. ತೀರಿಹೋದ ಅಜ್ಜಿಯ ಫೋಟೊ, ಸಂಘದ ಹತ್ತು ವರ್ಷಗಳ ಲೆಕ್ಕ, ಅರ್ಧ ಬರೆದ ಪ್ರಬಂಧ ಎಲ್ಲಿಯೂ ಸಿಗುವುದಿಲ್ಲ.

ಡಿಸ್ಕ್‌ನ ಒಳಗೆ ನುಣುಪಾದ ಬಿಲ್ಲೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತಿರುತ್ತವೆ. 7,200 ಎಂದರೆ ಸೆಕೆಂಡಿಗೆ 120 ಸುತ್ತು. ಓದುವ, ಬರೆಯುವ ಹೆಡ್‌ ಬಿಲ್ಲೆಗೆ ತಾಗದೆ, ಕೆಲವೇ ನ್ಯಾನೊಮೀಟರ್‌ ಎತ್ತರದಲ್ಲಿ ತೇಲುತ್ತಿರುತ್ತದೆ. ನಮ್ಮ ತಲೆಗೂದಲಿನ ದಪ್ಪವೇ ಹತ್ತಾರು ಸಾವಿರ ನ್ಯಾನೊಮೀಟರ್‌ ಇದೆ. ಆ ವೇಗದಲ್ಲಿ ಹೆಡ್‌ ಬಿಲ್ಲೆಗೆ ಉಜ್ಜಿತೆಂದರೆ ಮೇಲಿನ ಲೇಪನ ಕಿತ್ತು ಬರುತ್ತದೆ. ಮಾಹಿತಿ ಇರುವುದೇ ಆ ಲೇಪನದಲ್ಲಿ.

ಸದ್ದು ಡಿಸ್ಕ್‌ನದೇ?

ಮೊದಲು ಇದು ಖಚಿತವಾಗಲಿ. ಡೆಸ್ಕ್‌ಟಾಪ್‌ಗಳಲ್ಲಿ ವೈರೊಂದು ಫ್ಯಾನಿನ ರೆಕ್ಕೆಗೆ ತಾಗಿ ಟರ್ರ್‌ ಎನ್ನುವುದು, ಸ್ಕ್ರೂ ಸಡಿಲವಾಗಿ ಪೆಟ್ಟಿಗೆಯೇ ನಡುಗುವುದು ಸಾಮಾನ್ಯ. ಕಂಪ್ಯೂಟರ್‌ ಆಫ್‌ ಮಾಡಿ, ಗೋಡೆಯ ಪ್ಲಗ್‌ ಕಿತ್ತು, ಡಿಸ್ಕ್‌ಗೆ ಹೋಗುವ ವಿದ್ಯುತ್‌ ಕೇಬಲ್‌ ಬಿಡಿಸಿ ಮತ್ತೆ ಆನ್‌ ಮಾಡಿ. ಸದ್ದು ಮುಂದುವರಿದರೆ ಅದು ಫ್ಯಾನಿನದು ಅಥವಾ ಪವರ್‌ ಸಪ್ಲೈನದು. ಸದ್ದು ನಿಂತರೆ ಡಿಸ್ಕ್‌ನದೇ. ನಿಮ್ಮ ಯಂತ್ರದಲ್ಲಿ ಎಸ್‌ಎಸ್‌ಡಿ (ಚಿಪ್‌ಗಳಲ್ಲಿ ಮಾಹಿತಿ ಇಡುವ ಡಿಸ್ಕ್‌) ಮಾತ್ರ ಇದ್ದರೆ ಅದರೊಳಗೆ ತಿರುಗುವ ಭಾಗವೇ ಇಲ್ಲ, ಹಾಗಾಗಿ ಟಕ್‌ ಟಕ್‌ ಸದ್ದಿಗೆ ಬೇರೆ ಕಡೆ ಹುಡುಕಿ.

ಯಾವ ಸದ್ದಿಗೆ ಹೆದರಬೇಕಿಲ್ಲ

ಆನ್‌ ಮಾಡಿದಾಗ ಸುಂಯ್‌ ಎಂದು ಏರುವ ಸದ್ದು, ದೊಡ್ಡ ಕಡತ ನಕಲಾಗುವಾಗಿನ ಸಣ್ಣ ಕರಕರ, ಆಫ್‌ ಮಾಡಿದಾಗ ಒಂದೇ ಒಂದು ಚಟ್‌ ಇವೆಲ್ಲ ಆರೋಗ್ಯದ ಲಕ್ಷಣಗಳು. ಕೊನೆಯ ಆ ಚಟ್‌, ಹೆಡ್‌ ತನ್ನ ತಂಗುದಾಣಕ್ಕೆ ಮರಳಿದ ಸದ್ದು. ಹೆಚ್ಚು ಸಾಮರ್ಥ್ಯದ ಕೆಲವು ಡಿಸ್ಕ್‌ಗಳು ಕೆಲಸವಿಲ್ಲದಾಗಲೂ ಕೆಲವು ಸೆಕೆಂಡಿಗೊಮ್ಮೆ ಮೆಲ್ಲನೆ ದುಬ್‌ ಎನ್ನುತ್ತವೆ. ಕೊಂಡ ದಿನದಿಂದಲೂ ಹಾಗೇ ಇದ್ದರೆ ಚಿಂತೆ ಬೇಡ.

ಕರೆಂಟ್‌ ಹಠಾತ್ತನೆ ಹೋದಾಗ ಈ ಚಟ್‌ ಜೋರಾಗಿ ಕೇಳಿಸುತ್ತದೆ. ಆ ಕ್ಷಣದಲ್ಲಿ ಡಿಸ್ಕ್‌ಗೆ ಹೊರಗಿನಿಂದ ವಿದ್ಯುತ್‌ ಇರುವುದಿಲ್ಲ. ಇನ್ನೂ ತಿರುಗುತ್ತಿರುವ ಬಿಲ್ಲೆಗಳ ಚಲನೆಯಿಂದಲೇ ಮೋಟಾರು ಚೂರು ವಿದ್ಯುತ್‌ ಉತ್ಪಾದಿಸಿ, ಅದರ ಬಲದಿಂದ ಹೆಡ್ಡನ್ನು ಸರಕ್ಕನೆ ಎಳೆದು ನಿಲ್ಲಿಸುತ್ತದೆ. ಎಂತಹ ಜಾಣ ವ್ಯವಸ್ಥೆ! ಆದರೆ ಇದು ಆಪತ್ತಿಗೆಂದು ಮಾಡಿದ್ದು. ಕರೆಂಟ್‌ ಪದೇ ಪದೇ ಕೈಕೊಡುವ ಊರಿನಲ್ಲಿ ಯುಪಿಎಸ್‌ ಇಲ್ಲದೆ ಡೆಸ್ಕ್‌ಟಾಪ್‌ ಬಳಸುವುದು ಡಿಸ್ಕ್‌ಗೆ ದಿನವೂ ಕೊಡುವ ಪೆಟ್ಟು.

ಯಾವ ಸದ್ದಿಗೆ ಕೂಡಲೇ ಎದ್ದೇಳಬೇಕು

ಟಕ್‌... ಟಕ್‌... ಟಕ್‌ ಎಂದು ತಾಳ ಹಾಕಿದಂತೆ ಒಂದೇ ಅಂತರದಲ್ಲಿ ಬರುವ ಸದ್ದು ಅಪಾಯದ್ದು. ಬಿಲ್ಲೆಯ ಮೇಲೆ ಹೆಡ್‌ಗೆ ದಾರಿ ತೋರುವ ಗುರುತುಗಳಿರುತ್ತವೆ. ಅವು ಓದಲು ಸಿಗದಿದ್ದಾಗ ಹೆಡ್‌ ಮೊದಲಿನ ಜಾಗಕ್ಕೆ ಹಿಂದಿರುಗಿ, ಮತ್ತೆ ಹುಡುಕಿ, ಮತ್ತೆ ಹಿಂದಿರುಗುತ್ತದೆ. ಹಲವು ಸಲ ಸೋತ ಮೇಲೆ ಡಿಸ್ಕ್‌ ತಿರುಗುವುದನ್ನೇ ನಿಲ್ಲಿಸಬಹುದು. ಇದರ ಜೊತೆಗೆ ಡಿಸ್ಕ್‌ ಕಂಪ್ಯೂಟರಿಗೆ ಕಾಣಿಸದೇ ಹೋದರೆ ಮನೆಯ ಉಪಾಯಗಳಿಗೆ ಬಗ್ಗುವ ಹಂತ ದಾಟಿತೆಂದೇ ತಿಳಿಯಿರಿ.

ಕಲ್ಲಿನ ಮೇಲೆ ಕಬ್ಬಿಣ ಎಳೆದಂತಹ ಕಿರ್ರ್‌ ಸದ್ದು ಬಂದರೆ ಪ್ಲಗ್‌ ಕಿತ್ತುಬಿಡಿ. ಇನ್ನೊಂದು ಸಲ ನೋಡೋಣ ಎನ್ನಬೇಡಿ. ಅಲ್ಲಿ ಹೆಡ್‌ ಲೇಪನವನ್ನು ಕೆರೆಯುತ್ತಿದೆ.

ಬೀಪ್‌ ಬೀಪ್‌ ಎನ್ನುವ ಪೋರ್ಟಬಲ್‌ ಡಿಸ್ಕ್‌ ಬೇರೆ ಕಥೆ. ಅದರಲ್ಲಿ ಸ್ಪೀಕರ್‌ ಇಲ್ಲ; ತಿರುಗಲಾಗದ ಮೋಟಾರು ನಡುಗುವಾಗ ಆ ಸದ್ದು ಹೊರಡುತ್ತದೆ. ಹೆಡ್‌ ಬಿಲ್ಲೆಗೆ ಅಂಟಿಕೊಂಡಿರಬಹುದು, ಬೇರಿಂಗ್‌ ಬಿಗಿದಿರಬಹುದು. ಸಾಕಷ್ಟು ವಿದ್ಯುತ್‌ ಸಿಗದಿದ್ದರೂ ಹೀಗೇ ಆಗುತ್ತದೆ. ಯುಎಸ್‌ಬಿ 2.0 ಪೋರ್ಟ್‌ 500 ಮಿಲಿಆಂಪಿಯರ್‌, 3.0 ಪೋರ್ಟ್‌ 900 ಮಿಲಿಆಂಪಿಯರ್‌ ಕೊಡಬೇಕೆಂಬುದು ನಿಯಮ. ಡಿಸ್ಕ್‌ ಹೊರಡುವ ಮೊದಲ ಸೆಕೆಂಡುಗಳಲ್ಲಿ ಹೆಚ್ಚು ವಿದ್ಯುತ್‌ ಬೇಡುತ್ತದೆ. ಆದ್ದರಿಂದ ಹಬ್‌ (ಒಂದು ಪೋರ್ಟನ್ನು ಹಲವಾಗಿಸುವ ಸಾಧನ) ಇದ್ದರೆ ತೆಗೆದು, ಚಿಕ್ಕದಾದ ಬೇರೆ ಕೇಬಲ್‌ ಹಾಕಿ, ಡೆಸ್ಕ್‌ಟಾಪಿನ ಹಿಂಬದಿಯ ಪೋರ್ಟಿಗೆ ಚುಚ್ಚಿ ಒಮ್ಮೆ ನೋಡಿ. ಡಿಸ್ಕ್‌ ತಿರುಗಿದರೆ ದೋಷ ಹಳೆಯ ಕೇಬಲ್‌, ಹಬ್‌ ಅಥವಾ ಪೋರ್ಟಿನದು.

ಈಗ ನಕಲು

ಡಿಸ್ಕ್‌ ಇನ್ನೂ ಕಾಣಿಸುತ್ತಿದೆ, ಕೆರೆಯುವ ಸದ್ದಿಲ್ಲ ಎಂದಾದರೆ ತಡಮಾಡಬೇಡಿ. ನಕಲು ಇಳಿಸಲು ಬೇಕಾದ ಇನ್ನೊಂದು ಡಿಸ್ಕ್‌ ಕೈಯಲ್ಲಿರುವಾಗ ಮಾತ್ರ ಇದನ್ನು ಆನ್‌ ಮಾಡಿ. ವಿಂಡೋಸ್‌ ಇರುವುದೇ ಕೆಟ್ಟ ಡಿಸ್ಕ್‌ನಲ್ಲಾದರೆ ಅದರಿಂದ ಬೂಟ್‌ ಮಾಡಬೇಡಿ. ಡಿಸ್ಕ್‌ ಬಿಚ್ಚಿ ಬೇರೆ ಕಂಪ್ಯೂಟರಿಗೆ ಎರಡನೆಯ ಡಿಸ್ಕ್‌ ಆಗಿ ಜೋಡಿಸಿ.

ಎಲ್ಲವನ್ನೂ ಒಟ್ಟಿಗೆ ಆರಿಸಿ ಕಾಪಿ ಒತ್ತಬೇಡಿ. ಮತ್ತೆಲ್ಲೂ ಸಿಗದ ಸಣ್ಣ ಕಡತಗಳು ಮೊದಲು: ಬರಹ, ಲೆಕ್ಕ, ದಾಖಲೆಪತ್ರಗಳ ಸ್ಕ್ಯಾನ್‌. ಆಮೇಲೆ ಮನೆಯ ಫೋಟೊ, ವಿಡಿಯೊ. ಸಿನಿಮಾ, ತಂತ್ರಾಂಶಗಳನ್ನು ಬಿಟ್ಟೇಬಿಡಿ. ಒಂದು ಕಡತದಲ್ಲಿ ನಕಲು ಸಿಕ್ಕಿಕೊಂಡರೆ ಅದನ್ನು ದಾಟಿ ಮುಂದೆ ಹೋಗಿ. ಲಿನಕ್ಸ್‌ ಬಲ್ಲವರು ಹತ್ತಿರವಿದ್ದರೆ ಗ್ನೂ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಬಳಸಲು ಹೇಳಿ. ಅದು ಸುಲಭವಾಗಿ ಓದಬಲ್ಲ ಭಾಗವನ್ನೆಲ್ಲ ಮೊದಲು ಎತ್ತಿಕೊಂಡು, ಕೆಟ್ಟ ಜಾಗಗಳಿಗೆ ಕೊನೆಯಲ್ಲಿ ಬರುತ್ತದೆ. ಎಲ್ಲಿಯವರೆಗೆ ಆಯಿತೆಂಬ ದಾಖಲೆ ಇಡುವುದರಿಂದ ನಡುವೆ ನಿಲ್ಲಿಸಿ ಮುಂದುವರಿಸಲೂಬಹುದು.

ಈ ಹಂತದಲ್ಲಿ ಚೆಕ್‌ಡಿಸ್ಕ್‌ (ದೋಷ ಹುಡುಕಿ ಸರಿಪಡಿಸುವುದು), ಡಿಫ್ರ್ಯಾಗ್‌ (ಚದುರಿದ ಕಡತಗಳನ್ನು ಒಟ್ಟುಗೂಡಿಸುವುದು), ಫಾರ್ಮ್ಯಾಟ್‌, ಪೂರ್ಣ ವೈರಸ್‌ ಸ್ಕ್ಯಾನ್‌ ಯಾವುದೂ ಬೇಡ. ಎಲ್ಲವೂ ದಣಿದ ಹೆಡ್ಡನ್ನು ಬಿಲ್ಲೆಯ ಉದ್ದಗಲಕ್ಕೂ ಓಡಿಸುತ್ತವೆ.

ನಕಲಾದ ಮೇಲೆ ಅಂಕಿಗಳನ್ನು ನೋಡಿ

ಡಿಸ್ಕ್‌ಗಳು ತಮ್ಮ ಆರೋಗ್ಯದ ಲೆಕ್ಕವನ್ನು ತಾವೇ ಇಡುತ್ತವೆ. ಇದಕ್ಕೆ ಸ್ಮಾರ್ಟ್‌ ಎಂದು ಹೆಸರು. ವಿಂಡೋಸ್‌ನಲ್ಲಿ ಉಚಿತವಾದ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತೆರೆದು 05, ಸಿ5, ಸಿ6 ಎಂಬ ಸಾಲುಗಳ ಕೊನೆಯ ಅಂಕಣ ನೋಡಿ. 05 ಎಂದರೆ ಕೆಟ್ಟಿತೆಂದು ಬದಲಿ ಜಾಗಕ್ಕೆ ಸಾಗಿಸಿದ ಸೆಕ್ಟರ್‌ಗಳು (ಬಿಲ್ಲೆಯ ಮೇಲೆ ಮಾಹಿತಿ ಇಡುವ ಸಣ್ಣ ತುಂಡುಗಳು), ಸಿ5 ಎಂದರೆ ಅನುಮಾನದ ಪಟ್ಟಿಯಲ್ಲಿರುವವು, ಸಿ6 ಎಂದರೆ ಓದಲಾಗದವು. ಮೂರರಲ್ಲೂ ಸೊನ್ನೆ ಇರಬೇಕು. ಈ ಅಂಕಣ ಮಾಮೂಲಿಯಾಗಿ ಹದಿನಾರರ ಲೆಕ್ಕದಲ್ಲಿರುತ್ತದೆ: 10 ಎಂದು ಕಂಡರೆ ಅದು ಹದಿನಾರು. ಡಿಸ್ಕ್‌ನಿಂದ ಕಂಪ್ಯೂಟರಿಗೆ ಮಾಹಿತಿ ಸಾಗುವಾಗಿನ ತಪ್ಪುಗಳನ್ನು ಎಣಿಸುವ ಸಿ7 ಮಾತ್ರ ಏರುತ್ತಿದ್ದರೆ ಸಾಮಾನ್ಯವಾಗಿ ದೋಷ ಡೇಟಾ ಕೇಬಲ್‌ನದು, ಅದನ್ನು ಬದಲಿಸಿದರೆ ಸಾಕು.

ಪರದೆಯ ಮೇಲೆ ‘ಗುಡ್‌’ ಎಂದು ಬಂದ ಮಾತ್ರಕ್ಕೆ ಕಿವಿಯನ್ನು ನಂಬದೇ ಇರಬೇಡಿ. ಗೂಗಲ್‌ ಸಂಸ್ಥೆಯ ಎಂಜಿನಿಯರ್‌ಗಳು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟುಹೋದವುಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವು ಮುಖ್ಯವಾದ ನಾಲ್ಕು ಸ್ಮಾರ್ಟ್‌ ಸೂಚನೆಗಳಲ್ಲಿ ಒಂದನ್ನೂ ಕೊಟ್ಟಿರಲಿಲ್ಲ. ಸ್ಕ್ಯಾನ್‌ ದೋಷ (ಡಿಸ್ಕ್‌ ತನ್ನ ಬಿಲ್ಲೆಯನ್ನು ತಾನೇ ಪರೀಕ್ಷಿಸುವಾಗ ಸಿಗುವ ದೋಷ) ಮೊದಲ ಸಲ ಕಂಡ ಡಿಸ್ಕ್‌ 60 ದಿನಗಳೊಳಗೆ ಕೆಡುವ ಸಾಧ್ಯತೆ, ದೋಷ ಕಾಣದ ಡಿಸ್ಕ್‌ಗಿಂತ 39 ಪಟ್ಟು ಹೆಚ್ಚಿತ್ತು. ಅಂಕಿ ಕೆಟ್ಟದಾಗಿದ್ದರೆ ನಂಬಿ, ಚೆನ್ನಾಗಿದ್ದರೆ ಎಚ್ಚರ ಬಿಡಬೇಡಿ.

ಮಾಡಬಾರದ ಚಿಕಿತ್ಸೆಗಳು

ಫ್ರೀಜರ್‌ನಲ್ಲಿಟ್ಟರೆ ಡಿಸ್ಕ್‌ ಬದುಕುತ್ತದೆ ಎಂಬ ಮಾತು ಇಂದಿಗೂ ಓಡಾಡುತ್ತಿದೆ. ಹೊರತೆಗೆದಾಗ ಗಾಳಿಯ ತೇವ ಬಿಲ್ಲೆಯ ಮೇಲೆ ಹನಿಗಟ್ಟುತ್ತದೆ, ಇದ್ದ ಅವಕಾಶವೂ ಹೋಗುತ್ತದೆ. ತಟ್ಟುವುದು, ಕುಲುಕುವುದು ಬೇಡ. ಮುಚ್ಚಳವನ್ನಂತೂ ಬಿಚ್ಚಲೇಬೇಡಿ; ಹೆಡ್‌ ತೇಲುವ ಎತ್ತರಕ್ಕೆ ಮನೆಯ ಧೂಳಿನ ಕಣವೇ ಗುಡ್ಡ. ಅದೇ ಮಾದರಿಯ ಇನ್ನೊಂದು ಡಿಸ್ಕ್‌ನ ಸರ್ಕ್ಯೂಟ್‌ ಬೋರ್ಡ್‌ ಹಾಕಿದರೂ ಈಗಿನ ಡಿಸ್ಕ್‌ಗಳು ಸಾಮಾನ್ಯವಾಗಿ ಓಡುವುದಿಲ್ಲ, ಏಕೆಂದರೆ ಬೋರ್ಡಿನ ಚಿಪ್‌ನಲ್ಲಿ ಆಯಾ ಡಿಸ್ಕ್‌ಗೇ ಸೇರಿದ ವಿವರಗಳಿರುತ್ತವೆ.

ಡಿಸ್ಕ್‌ ಕಾಣಿಸದಿದ್ದರೆ, ಒಳಗಿರುವುದು ಬೇಕೇ ಬೇಕಿದ್ದರೆ, ಡೇಟಾ ರಿಕವರಿ ಮಾಡುವವರಲ್ಲಿಗೆ ಹೋಗಿ. ಧೂಳಿಲ್ಲದ ಕ್ಲೀನ್‌ ರೂಮ್‌ ಇದೆಯೇ, ಮಾಹಿತಿ ಸಿಗದಿದ್ದರೆ ಎಷ್ಟು ಶುಲ್ಕ ಎಂದು ಮೊದಲೇ ಕೇಳಿ, ಅಂದಾಜು ಬರಹದಲ್ಲಿ ಪಡೆಯಿರಿ. ಕೌಂಟರ್‌ ಮೇಲೆಯೇ ಮುಚ್ಚಳ ಬಿಚ್ಚಹೊರಟರೆ ಡಿಸ್ಕ್‌ ತೆಗೆದುಕೊಂಡು ಬನ್ನಿ. ವಾರಂಟಿಯಲ್ಲಿ ಕಂಪನಿ ಕೊಡುವುದು ಬದಲಿ ಡಿಸ್ಕ್‌. ಅದರೊಂದಿಗೆ ನಿಮ್ಮ ಕಡತಗಳು ಬರುವುದಿಲ್ಲ.

ನಕಲು ಮುಗಿದಿದ್ದರೆ ಹತ್ತಿಪ್ಪತ್ತು ಕಡತಗಳನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಹೆಸರು ಕಂಡರೂ ಒಳಗೆ ಖಾಲಿ ಇರಬಹುದು. ಹಳೆಯ ಡಿಸ್ಕ್‌ ಮೇಲೆ ಮಾರ್ಕರ್‌ನಿಂದ ‘ಕೆಟ್ಟಿದೆ, ಬಳಸಬೇಡಿ’ ಎಂದು ದಪ್ಪಕ್ಷರದಲ್ಲಿ ಬರೆದು, ನಕಲಿನ ಇನ್ನೊಂದು ಪ್ರತಿ ಆಗುವವರೆಗೆ ಎಸೆಯದೆ ಇಟ್ಟುಕೊಳ್ಳಿ.