ಆಯ್ಕೆ ಇಲ್ಲದ ಕ್ವಿಜ್: ಕನ್ನಡದಲ್ಲೇ ಟೈಪ್ ಮಾಡಿಸಿದ ನನ್ನ ಅನುಭವ

ತೀರ್ಥಹಳ್ಳಿಯಲ್ಲಿ ನನ್ನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ. ಜೋರು ಮಳೆಗೆ ಗಿರಾಕಿ ಬಾರದ ಮಧ್ಯಾಹ್ನಗಳಲ್ಲಿ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿತೆ. ಕಲಿಯುವವರು ಎಲ್ಲರೂ ಬರೆಯುವ ಹಾಗೆ ನಾನೂ ಒಂದು ಕ್ವಿಜ್ ಬರೆದೆ. ನಾಲ್ಕು ಆಯ್ಕೆ, ಒಂದು ಲೂಪು, ಒಂದು ಸ್ಕೋರು. ಅದು ನಿಮಗೆಲ್ಲ ಗೊತ್ತಿರೋದೇ, ಅದನ್ನು ಬಿಡೋಣ.

ನನಗೆ ಬೇಕಿದ್ದದ್ದು ಬೇರೆ. ಆಯ್ಕೆಯೇ ಇರಬಾರದು. ಮಕ್ಕಳು ಉತ್ತರವನ್ನು ಕನ್ನಡದಲ್ಲಿ ಟೈಪ್ ಮಾಡಬೇಕು. ನಾಲ್ಕರಲ್ಲಿ ಒಂದನ್ನು ಸುಮ್ನೆ ಒತ್ತಿದರೆ ಏನೂ ಓದದವನಿಗೂ ಅಂಕ ಬರುತ್ತೆ, ಅಲ್ವಾ?

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಭಾವನಿಗೆ ಹೇಳಿದೆ. "ಅದಾಗಲ್ಲ ಮಾರಾಯ. ಒಬ್ಬೊಬ್ಬ ಒಂದೊಂದು ಥರ ಬರೀತಾನೆ. ಆಪ್ಷನ್ ಇಟ್ಟು ಮುಗಿಸು" ಅಂದ. ಕ್ವಿಜ್ ಇಡಿಸಲಿದ್ದ ಗಣಪತಿ ಸಮಿತಿಯವರೂ ಅದನ್ನೇ ಅಂದರು. ಅದಕ್ಕೂ ಮೊದಲು ಒಬ್ಬರಿಗೆ ಇದೇ ಕೆಲಸಕ್ಕೆ 4 ಸಾವಿರ ಮುಂಗಡ ಕೊಟ್ಟಿದ್ದೆ. ಎರಡು ತಿಂಗಳು ಓಡಾಡಿಸಿ, ಕನ್ನಡವೇ ಬಾರದ ಒಂದು ಆ್ಯಪ್ ಕೈಗಿಟ್ಟರು. ಆ ದುಡ್ಡು ವಾಪಸ್ ಬರಲಿಲ್ಲ. ಆಮೇಲೇ ನಾನೇ ಮಾಡ್ತೇನೆ ಅಂತ ಕೂತದ್ದು.

ಮೊದಲ ಪ್ರಶ್ನೆಯೇ ಕೈ ಕೊಟ್ಟಿತು. ಶರಾವತಿ ಧುಮುಕುವ ಜಲಪಾತ ಯಾವುದು? ಅಂಗಡಿಗೆ ಬಂದಿದ್ದ ಏಳನೇ ಕ್ಲಾಸಿನ ಹುಡುಗಿ 'ಜೋಗ' ಅಂತ ಸರಿಯಾಗೇ ಬರೆದಳು. ತಪ್ಪು ಅಂತ ಬಂತು. ಪರದೆಯ ಮೇಲೆ ಅವಳ ಜೋಗ, ನನ್ನ ಜೋಗ ಎರಡೂ ಒಂದೇ. ಹುಡುಗಿ ಮುಖ ಸಣ್ಣ ಮಾಡಿಕೊಂಡು ಹೋದಳು. ನನಗೆ ಎರಡು ದಿನ ನಿದ್ದೆ ಇಲ್ಲ. ಕೊನೆಗೆ ಎರಡಕ್ಕೂ ಲೆನ್ (ಪದದಲ್ಲಿ ಎಷ್ಟು ಸಂಕೇತ ಇದೆ ಅಂತ ಎಣಿಸುವ ಫಂಕ್ಷನ್) ಹಾಕಿ ನೋಡಿದೆ. ನನ್ನದು 3, ಅವಳದು 4! ನನ್ನ ಕೀಲಿಮಣೆ ಓಕಾರವನ್ನು ಒಂದೇ ಸಂಕೇತವಾಗಿ ಕೂರಿಸಿತ್ತು. ಅವಳು ಕೂತ ಕಂಪ್ಯೂಟರಿನದು ಒಕಾರ ಹಾಕಿ, ಅದರ ಪಕ್ಕ ದೀರ್ಘ ಸೇರಿಸಿತ್ತು. ಕಣ್ಣಿಗೆ ಒಂದೇ, ಪೈಥಾನ್‌ಗೆ ಬೇರೆ ಬೇರೆ.

ಪೈಥಾನಿನದೇ ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್‌ಗೆ ಎನ್‌ಎಫ್‌ಸಿ (ಬಿಡಿಯಾಗಿ ಬಿದ್ದ ಸಂಕೇತಗಳನ್ನು ಕೂಡಿಸಿ ಒಂದು ಮಾಡುವ ರೂಪ) ಅಂತ ಕೊಟ್ಟರೆ ಎರಡೂ 3 ಆಗುತ್ತವೆ. ಆದರೆ ಅಷ್ಟಕ್ಕೇ ನಿಲ್ಲಬೇಡಿ. 'ರಾಜ್‌ಕುಮಾರ್' ಅಂತ ಬರೆಯುವಾಗ ಜ್ ಮತ್ತು ಕು ಅಂಟದ ಹಾಗೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂರುತ್ತೆ. ಎನ್‌ಎಫ್‌ಸಿ ಅದನ್ನು ಮುಟ್ಟಲ್ಲ. ಅದರ ಯೂನಿಕೋಡ್ ಸಂಖ್ಯೆ 200ಸಿ, ಅದೇ ಥರ ಕಣ್ಣಿಗೆ ಕಾಣದ ಇನ್ನೊಂದು 200ಡಿ. ಎರಡನ್ನೂ ರಿಪ್ಲೇಸ್ ಹಾಕಿ ನಾವೇ ಗುಡಿಸಬೇಕು. ಪ್ರಶ್ನೆ ಫೈಲಿಗೂ ಇದೇ ಶುದ್ಧಿ ಆಗಬೇಕು, ಉತ್ತರಕ್ಕೆ ಮಾತ್ರ ಮಾಡಿದರೆ ಪ್ರಯೋಜನ ಇಲ್ಲ.

ಪ್ರಶ್ನೆಗಳದ್ದು ಇನ್ನೊಂದು ಕತೆ. ಪರಿಚಯದ ಮೇಷ್ಟ್ರು ಸುಮಾರು 120 ಪ್ರಶ್ನೆ ಕೊಟ್ಟರು, ಎಲ್ಲವೂ ಹಳೆ ನುಡಿ ಫಾಂಟಿನಲ್ಲಿ. ಫಾಂಟ್ ತೆಗೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಯೂನಿಕೋಡಿಗೆ ತಿರುಗಿಸೋದು ನನ್ನ ದಿನದ ಕೆಲಸವೇ, ಆದ್ದರಿಂದ ಒಂದು ಸಂಜೆಯಲ್ಲಿ ಆಯಿತು. ಸ್ಪ್ರೆಡ್‌ಶೀಟಿಗೆ ಹಾಕಿ ಸಿಎಸ್‌ವಿ (ಕಾಲಮ್‌ಗಳ ನಡುವೆ ಕಾಮಾ ಇರುವ ಸಾದಾ ಫೈಲು) ಅಂತ ಉಳಿಸಿ ಮರುದಿನ ತೆರೆದರೆ ಅಷ್ಟೂ ಕನ್ನಡ ಹೋಗಿ ಬರೀ ಪ್ರಶ್ನಾರ್ಥಕ ಚಿಹ್ನೆ. ಉಳಿಸುವಾಗಲೇ ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಫೈಲಿಗೆ ಬರೆಯುವ ಬಗೆ) ಇರುವ ಸಿಎಸ್‌ವಿ ಆರಿಸಬೇಕಿತ್ತು. ಪೈಥಾನಿನಲ್ಲಿ ಓದುವಾಗ ಎನ್‌ಕೋಡಿಂಗ್ ಯುಟಿಎಫ್-8-ಸಿಗ್ ಅಂತ ಕೊಡಿ. ಇಲ್ಲದಿದ್ದರೆ ಮೊದಲ ಕಾಲಮ್ಮಿನ ಹೆಸರಿಗೆ ಒಂದು ಗುಪ್ತ ಗುರುತು ಅಂಟಿಕೊಂಡು, ಆ ಹೆಸರು ಇಲ್ಲವೇ ಇಲ್ಲ ಅನ್ನುವ ಕೀ ಎರರ್ ಬರುತ್ತೆ.

ಈಗ ಭಾವ ಹೇಳಿದ್ದ ತೊಂದರೆಗೆ ಬರೋಣ. ಕುವೆಂಪು ಅವರ ಊರನ್ನು ಕುಪ್ಪಳಿ ಅಂತ ಒಬ್ಬ ಬರೀತಾನೆ, ಕುಪ್ಪಳ್ಳಿ ಅಂತ ಇನ್ನೊಬ್ಬ. ಎರಡು ಪದ ಎಷ್ಟು ಹೋಲುತ್ತವೆ ಅಂತ 0ರಿಂದ 1ರೊಳಗೆ ಲೆಕ್ಕ ಕೊಡುವ ಪೈಥಾನಿನ ಡಿಫ್‌ಲಿಬ್ ಹಾಕಿದೆ. ಹತ್ತಿರದ ಪದ ಹುಡುಕುವ ಅದರ ಫಂಕ್ಷನ್ನಿನಲ್ಲಿ ಮಿತಿ ತಾನಾಗೇ 0.6 ಇರುತ್ತೆ. ಅಷ್ಟರಲ್ಲಿ ಕುಪ್ಪಳಿಯೇನೋ ಪಾಸಾಯಿತು. ಆದರೆ ತುಂಗಭದ್ರಾ ಅಂತ ಬರಬೇಕಾದ ಕಡೆ ಒಬ್ಬ ತುಂಗಾ ಅಂತ ಬರೆದ, ಅದಕ್ಕೂ ಅಂಕ ಬಿತ್ತು. ಲೆಕ್ಕ ಹಾಕಿದರೆ 0.71. ಭದ್ರಾ ಅಂತ ಬರೆದರೆ ಭದ್ರಾವತಿಗೆ 0.77. ನದಿಯೂ ಊರೂ ಒಂದೇ ಆದರೆ ಅದೆಂಥ ಕ್ವಿಜ್? ಕುಪ್ಪಳಿಗೆ ಬರೋದು 0.87ರ ಆಸುಪಾಸು. ಹಾಗಾಗಿ ಮಿತಿಯನ್ನು 0.8ರ ಮೇಲೆ ಏರಿಸಿದೆ. ನಾಲ್ಕೈದು ಸಂಕೇತದ ಚಿಕ್ಕ ಪದಕ್ಕೆ ಈ ಸಡಿಲಿಕೆಯೇ ಇಲ್ಲ, ಪೂರ್ತಿ ಸರಿ ಇರಬೇಕು. ಒಂದಕ್ಕಿಂತ ಜಾಸ್ತಿ ಸರಿ ಉತ್ತರ ಇದ್ದರೆ (ಜೋಗ, ಜೋಗ್, ಜೋಗ ಜಲಪಾತ, ಗೇರುಸೊಪ್ಪೆ ಜಲಪಾತ) ಎಲ್ಲವನ್ನೂ ಫೈಲಿನಲ್ಲೇ ನಡುನಡುವೆ ಉದ್ದ ಗೆರೆ (|) ಹಾಕಿ ಬರೆದಿಟ್ಟೆ.

ಇದರ ಜೊತೆ ಶ-ಷ, ಲ-ಳ, ಅಲ್ಪಪ್ರಾಣ-ಮಹಾಪ್ರಾಣ ಹೋಲಿಸುವ ಒಂದು ಪಟ್ಟಿ ಇದೆ. ಯಾವುದನ್ನು ಯಾವ ಪದದಲ್ಲಿ ಬಿಡಬೇಕು, ಯಾವುದರಲ್ಲಿ ಬಿಡಬಾರದು ಅನ್ನೋದು ಮಕ್ಕಳ ಆರು ತಿಂಗಳ ತಪ್ಪುಗಳನ್ನು ಕೂಡಿಟ್ಟು ಮಾಡಿದ್ದು. ಅದನ್ನು ಇಲ್ಲಿ ಬಿಟ್ಟುಕೊಡಲ್ಲ. ಮಾಡ್ತಾ ಹೋದರೆ ನಿಮಗೇ ಸಿಗುತ್ತೆ.

ಖುಷಿಯ ಸಂಗತಿ ಒಂದು: ಜೋಗದಲ್ಲಿ ಎಷ್ಟು ಕವಲು ಅಂತ ಕೇಳಿದಾಗ ಹುಡುಗನೊಬ್ಬ ಕನ್ನಡ ಅಂಕಿ ೪ ಒತ್ತಿದ. ಪ್ರೋಗ್ರಾಮ್ ಬಿದ್ದೇ ಹೋಗುತ್ತೆ ಅಂತ ಹೆದರಿದೆ. ಟೈಪ್ ಮಾಡಿದ್ದನ್ನು ಸಂಖ್ಯೆ ಮಾಡುವ ಇಂಟ್ ಅದನ್ನು 4 ಅಂತಲೇ ತಗೊಂಡಿತು. ಅದಕ್ಕೆ ನಾನು ಒಂದು ಸಾಲೂ ಬರೆದಿರಲಿಲ್ಲ.

ಉತ್ತರದ ಸಮಯ ಎಣಿಸುವ ಗಡಿಯಾರಕ್ಕೆ ಸ್ಲೀಪ್ (ಪ್ರೋಗ್ರಾಮನ್ನೇ ತಡೆದು ನಿಲ್ಲಿಸುವ ಆಜ್ಞೆ) ಹಾಕಿ ಕೈ ಸುಟ್ಟುಕೊಂಡೆ. ಟಿಕಿಂಟರ್ (ಪೈಥಾನಿನಲ್ಲಿ ಪರದೆಯ ಕಿಟಕಿ ಮಾಡುವ ಮಾಡ್ಯೂಲ್) ಕಿಟಕಿ 20 ಸೆಕೆಂಡು ಕಲ್ಲಾಗಿ ನಿಲ್ಲುತ್ತೆ. ಅದರ ಬದಲು ಟಿಕಿಂಟರಿನದೇ ಆಫ್ಟರ್ ಬಳಸಿ.

ಗಣಪತಿ ಪೆಂಡಾಲಿಗೆ ಹೋದ ದಿನ ಪ್ರೊಜೆಕ್ಟರ್ ಬಾಡಿಗೆ 800, ಆಟೋ 150, ಬಹುಮಾನದ ಪುಸ್ತಕಕ್ಕೆ ಐನೂರರ ಹತ್ತಿರ. ಲ್ಯಾಪ್‌ಟಾಪ್ ಸೆಕೆಂಡ್ ಹ್ಯಾಂಡು, ಒಂಬತ್ತು ಸಾವಿರಕ್ಕೆ ತಂದದ್ದು. ಅದರ ಬ್ಯಾಟರಿ ಸತ್ತಿತ್ತು, ಹೊಸದು ಹಾಕಿಸಲು ದುಡ್ಡಿರಲಿಲ್ಲ. ಹನ್ನೊಂದನೇ ಪ್ರಶ್ನೆಗೆ ಕರೆಂಟ್ ಹೋಯಿತು. ಮಲೆನಾಡಿನ ಮಳೆಗಾಲ, ಹೋಗೋದೇ. ಪ್ರತಿ ಪ್ರಶ್ನೆಯ ನಂತರ ಸ್ಕೋರನ್ನು ಫೈಲಿಗೆ ಬರೆಯುವ ಹಾಗೆ ಮಾಡಿದ್ದೆ. ಜನರೇಟರ್ ಬಂದ ಮೇಲೆ ಹನ್ನೊಂದರಿಂದಲೇ ಶುರುವಾಯಿತು, ಒಂದು ಅಂಕವೂ ಹೋಗಲಿಲ್ಲ.

ಅವತ್ತೇ ಕುವೆಂಪು ಹುಟ್ಟಿದ ಊರಿನ ಪ್ರಶ್ನೆ ಬಂತು. ಫೈಲಿನಲ್ಲಿ ಕುಪ್ಪಳ್ಳಿ ಅಂತಿತ್ತು. ಕೊಪ್ಪದ ಕಡೆಯ ಹಿರಿಯರೊಬ್ಬರು ಎದ್ದು ನಿಂತರು. "ತಮ್ಮಾ, ಅವರು ಬೆಳೆದದ್ದು ಕುಪ್ಪಳ್ಳಿಯಲ್ಲಿ. ಹುಟ್ಟಿದ್ದು ನಮ್ಮ ಹಿರೇಕೊಡಿಗೆಯಲ್ಲಿ, ತಾಯಿಯ ತವರು." ಅವರ ಮಾತೇ ಸರಿ. ಹಿರೇಕೊಡಿಗೆ ಅಂತ ಬರೆದು ಅಂಕ ಕಳೆದುಕೊಂಡಿದ್ದ ತಂಡಕ್ಕೆ ಅಂಕ ವಾಪಸ್ ಕೊಟ್ಟೆ. ಕೋಡ್ ಮುಟ್ಟಲಿಲ್ಲ, ಫೈಲಿನಲ್ಲಿ ಒಂದು ಪದ ಬದಲಿಸಿದೆ, ಅಷ್ಟೇ. ಪ್ರಶ್ನೆಗಳನ್ನು ಕೋಡಿನೊಳಗೆ ತುರುಕಬೇಡಿ ಅಂತ ನಾನು ಎಲ್ಲರಿಗೂ ಹೇಳೋದು ಇದಕ್ಕೇ.

ಸಮಿತಿಯವರು 1500 ಕೊಟ್ಟರು. ಆಮೇಲೆ ಮೂರು ಊರಿಂದ ಕರೆ ಬಂತು, ತಲಾ 2 ಸಾವಿರದ ಹಾಗೆ. ಹೋದ ಆ 4 ಸಾವಿರ ಬಂತು, ಮೇಲೊಂದಿಷ್ಟು ಉಳಿಯಿತು, ಬ್ಯಾಟರಿಯೂ ಹೊಸದಾಯಿತು. ಆ ಜೋಗದ ಹುಡುಗಿ ಈಗ ತನ್ನ ತಂಡದ ಟೈಪಿಸ್ಟ್. ಒತ್ತಕ್ಷರಕ್ಕೂ ಕೀಲಿಮಣೆ ನೋಡಲ್ಲ.

ಈ ನಡುವೆ ಹಳೆ ಕೀಬೋರ್ಡಿನ ಎರಡು ಕೀಲಿಗಳಿಗೆ ತಂತಿ ಎಳೆದು, ಎರಡು ತಂಡಕ್ಕೂ ಒಂದೊಂದು ಬಜರ್ ಮಾಡಿದ್ದೇನೆ. ಖರ್ಚು 60 ರೂಪಾಯಿಯ ಒಳಗೆ. ಎರಡೂ ತಂಡ ಒಟ್ಟಿಗೆ ಒತ್ತಿದಾಗ ಮೊದಲು ಒತ್ತಿದ್ದು ಯಾರು ಅಂತ ಹತ್ತರಲ್ಲಿ ಒಂದು ಸಲ ತಪ್ಪುತ್ತಿದೆ. ಅಡಿಕೆ ಕೊಯ್ಲು ಶುರುವಾಗುವುದರೊಳಗೆ ಅದನ್ನು ಸರಿ ಮಾಡಬೇಕು.